ಆಷಾಢದ ಅಂಟು

ಆಷಾಢ ಬಂತೆಂದರೆ ತುಮಕೂರಿನ ಗುಬ್ಬಿ ಗೇಟಿನ ಹತ್ತಿರದ ಶಶಿಕಲಾಳ ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ನೊಣ ಹೊಡೆಯುವುದಷ್ಟೇ ಕೆಲಸ. ವೈಶಾಖ, ಜ್ಯೇಷ್ಠದಲ್ಲಿ ಊಟಕ್ಕೂ ಬಿಡುವಿಲ್ಲದೆ ಮದುವೆ ಕಾರುಗಳ ಗಾಜಿಗೆ ಗಂಡು ಹೆಣ್ಣಿನ ಹೆಸರು ಕತ್ತರಿಸಿ ಅಂಟಿಸಿದವಳು, ಈಗ ಸ್ಟೂಲಿನ ಮೇಲೆ ಕೂತು ಗಾಳಿಗೆ ಏಳುವ ಧೂಳನ್ನು ನೋಡುತ್ತಿದ್ದಳು. ಬೆರಳ ತುದಿಯಲ್ಲಿ ಇನ್ನೂ ಅಂಟಿನ ಜಿಡ್ಡಿತ್ತು, ಬೆನ್ನಿನಲ್ಲಿ ಸೀಸನ್ನಿನ ನೋವಿತ್ತು. ಮನಸ್ಸಿನ ಸುಸ್ತು ಮಾತ್ರ ಯಾವ ಸೀಸನ್ನಿನದು ಎಂದು ಹೇಳುವುದು ಕಷ್ಟ.

ಅವಳಿಗೂ ಒಂದು ಮದುವೆ ಆಗಿತ್ತು. ಕೋರದ ಕಡೆಯ ಊರಿಗೆ ಕೊಟ್ಟಿದ್ದರು. ಗಂಡ ಕೆಟ್ಟವನಲ್ಲ, ಆದರೆ ಅವನ ಮನಸ್ಸು ಬೇರೆಲ್ಲೋ ಇತ್ತು. ಇಬ್ಬರೂ ಜಗಳವಿಲ್ಲದೆ ಬೇರೆಯಾದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವಳ ಕೈಗೆ ಬಂತು. ಅಂದಿನಿಂದ ಬೇರೆಯವರ ಹೆಸರುಗಳನ್ನು ಜೋಡಿಸುವುದೇ ಅವಳ ಅನ್ನ.

ಮಧ್ಯಾಹ್ನದ ಹೊತ್ತಿಗೆ ಒಂದು ಮರೂನ್ ಕಾರು ಬಂದು ಅಂಗಡಿಯ ಮುಂದೆ ನಿಂತಿತು. ತಲೆ ಎತ್ತುವ ಮೊದಲೇ ಶಶಿಕಲಾಳಿಗೆ ಅದು ಯಾರ ಕಾರು ಎಂದು ಗೊತ್ತಾಯಿತು. ಕೈ ತಾನಾಗಿಯೇ ಹೋಗಿ ಕೆದರಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿತು. ಮೂವತ್ತಾರು ದಾಟಿದವಳಿಗೆ ಇದೆಲ್ಲ ಯಾಕೆ ಎಂದು ತನ್ನ ಮೇಲೆಯೇ ರೇಗಿತು.

ನಿಟ್ಟೂರಿನ ಅನಂತರಾಜುವಿಗೆ ಸ್ವಲ್ಪ ತೆಂಗಿನ ತೋಟವಿತ್ತು, ಜೊತೆಗೆ ಬಾಡಿಗೆಗೆ ಓಡಿಸುವ ಈ ಕಾರು. ಗುಬ್ಬಿ ತಾಲ್ಲೂಕಿನಲ್ಲಿ ಆ ಕಾರಿಗೆ ದೊಡ್ಡ ಹೆಸರು. ಅದರಲ್ಲಿ ಹೆಣ್ಣು ನೋಡಲು ಹೋದರೆ ಸಂಬಂಧ ಕೂಡಿಬರುತ್ತದಂತೆ, ಅದರಲ್ಲಿ ಮದುಮಕ್ಕಳನ್ನು ಕೂರಿಸಿದರೆ ಸಂಸಾರ ನೆಟ್ಟಗಿರುತ್ತದಂತೆ. ಮನುಷ್ಯರಿಗೆ ಕಾಲ್ಗುಣ ಇರುವ ಹಾಗೆ ಇದಕ್ಕೆ ಚಕ್ರದ ಗುಣ ಎಂದು ಜನ ನಗುತ್ತಲೇ ನಂಬುತ್ತಿದ್ದರು. ಮದುವೆ ಬ್ರೋಕರ್ ಅಂಜಿನಪ್ಪನಂತೂ ಬೇರೆ ಕಾರನ್ನು ಹತ್ತುತ್ತಲೇ ಇರಲಿಲ್ಲ. ಆದರೆ ದೀಪದ ಬುಡದಲ್ಲಿ ಕತ್ತಲೆ. ಊರಿಗೆಲ್ಲ ಹೆಣ್ಣು ಕೂಡಿಸಿದ ಕಾರಿನ ಯಜಮಾನನಿಗೆ ನಲವತ್ತು ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಸಂಬಳದ ನೌಕರಿ ಇಲ್ಲ ಎಂದು ಹೋದಲ್ಲೆಲ್ಲ ಬೇಡ ಅಂದಿದ್ದರು. ಆಮೇಲೆ ಅವನು ಹೋಗುವುದನ್ನೇ ಬಿಟ್ಟಿದ್ದ.

ಕಾರಿನಿಂದ ಇಳಿದವನ ಮುಖದಲ್ಲೂ ಸುಸ್ತಿತ್ತು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ.

"ನಿಟ್ಟೂರಲ್ಲಿ ಮೊನ್ನೆ ಒಂದ್ ಮದ್ವೆ ಇತ್ತು ಮೇಡಂ. ಹೂವಿನ ಡೆಕೊರೇಷನ್‌ನವ್ರು ಬಾನೆಟ್ ಮೇಲೆಲ್ಲಾ ಟೇಪ್ ಹಾಕ್ಬುಟ್ಟವ್ರೆ," ಎಂದ.

ಶಶಿಕಲಾ ಬಾನೆಟ್ ನೋಡಿದಳು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು. ಆಷಾಢದಲ್ಲಿ ಮದುವೆ ಮಾಡುವ ಮನೆ ನಿಟ್ಟೂರಿನಲ್ಲಿರಲಿ, ಜಿಲ್ಲೆಯಲ್ಲೇ ಸಿಗುವುದು ಕಷ್ಟ. ಸುಳ್ಳು ಹೇಳುವವರು ತಿಂಗಳನ್ನಾದರೂ ನೋಡಿಕೊಳ್ಳಬಾರದೆ? ಬಾನೆಟ್ ಮೇಲಿದ್ದ ಅಂಟು ಕೂಡ ಮೊನ್ನೆಯದಲ್ಲ. ಬಿಸಿಲಿಗೆ ಬೆಂದು ಹಳದಿಯಾಗಿತ್ತು, ಮೇಲೆ ಧೂಳು ಕೂತು ಕಪ್ಪುಗಟ್ಟಿತ್ತು. ಅವಳು ಏನೂ ಕೇಳಲಿಲ್ಲ. ಕೇಳಿದರೆ ಅವನು ಏನಾದರೂ ಉತ್ತರ ಹೇಳುತ್ತಾನೆ, ಆ ಉತ್ತರವನ್ನು ರಾತ್ರಿಯೆಲ್ಲ ಹೊತ್ತುಕೊಂಡು ಮಲಗಬೇಕು. ಅದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ.

"ಟೈಮ್ ಹಿಡಿಯುತ್ತೆ. ಹಳೇ ಅಂಟು," ಎಂದಳು.

"ಹಿಡೀಲಿ ಬುಡಿ. ನಂಗೇನ್ ಅರ್ಜೆಂಟಿಲ್ಲ."

ಮೊದಲ ಸಲ ಅವನು ಇಲ್ಲಿಗೆ ಬಂದಿದ್ದು ಇಂಥದೇ ಅಂಟಿನಿಂದ. ಚಿಕ್ಕಪ್ಪನ ಮಗ ಯಾರೋ ಡೋರಿನ ಅಂಟಿಗೆ ಥಿನ್ನರ್ ಹಾಕಿ ಉಜ್ಜಿದ್ದ. ಅಂಟೂ ಹೋಗಿತ್ತು, ಪೇಂಟಿನ ಹೊಳಪೂ ಹೋಗಿತ್ತು. ಶಶಿಕಲಾ ಅವತ್ತು ಗಿರಾಕಿ ಎಂಬುದನ್ನೂ ಮರೆತು ಅವನಿಗೆ ಬೈದಿದ್ದಳು. ಕೊಬ್ಬರಿ ಎಣ್ಣೆಯಲ್ಲಿ ಹೋಗುವುದಕ್ಕೆ ಥಿನ್ನರ್ ಯಾಕೆ, ತೆಂಗಿನ ಸೀಮೆಯಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ಲವೆ ಎಂದು. ಮುಂದಿನ ಸಲದಿಂದ ಅವನು ತನ್ನ ತೋಟದ ಕೊಬ್ಬರಿಯ ಎಣ್ಣೆಯನ್ನೇ ಬಾಟಲಿಯಲ್ಲಿ ತರತೊಡಗಿದ. ಕಾರಿಗೆ ಬಳಸಿ ಉಳಿದಿದ್ದನ್ನು ವಾಪಸು ಒಯ್ಯುತ್ತಿರಲಿಲ್ಲ. ಅದು ಶಶಿಕಲಾಳ ತಲೆಗೆ ಹೋಗುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ.

ಅವಳು ಮೊದಲು ಬಾನೆಟ್ಟಿಗೆ ನೀರು ಸುರಿದು ಧೂಳು ತೊಳೆದಳು. ಧೂಳಿನ ಮೇಲೆ ಉಜ್ಜಿದರೆ ಪೇಂಟಿಗೆ ಗೀರು ಬೀಳುತ್ತದೆ. ಗಾಳಿಯ ತಂಪಿಗೆ ಎಣ್ಣೆ ಬಾಟಲಿಯಲ್ಲೇ ಮಂದವಾಗಿತ್ತು. ಅದನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿದಳು. ಹೇರ್ ಡ್ರೈಯರ್‌ನಿಂದ ಅಂಟನ್ನು ಹದವಾಗಿ ಬಿಸಿ ಮಾಡಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹಾಸಿದಳು. ಹಾಸುವಾಗ ಬಟ್ಟೆಯ ಇನ್ನೊಂದು ತುದಿಯನ್ನು ಅವನು ಹಿಡಿದ. ಅವಳು ಎಡಕ್ಕೆ ಎಳೆದರೆ ಅವನು ಎಡಕ್ಕೆ, ಅವಳು ಬಗ್ಗಿದರೆ ಅವನೂ ಬಗ್ಗಿದ. ಹತ್ತಿರ ಬಂದಾಗ ಅವಳು ಅವನ ಕೈಯನ್ನೇ ನೋಡಿದಳು, ಮುಖ ನೋಡಲಿಲ್ಲ. ತೋಟದ ಕೆಲಸಕ್ಕೆ ಒರಟಾದ ಕೈ, ಒದ್ದೆ ಬಟ್ಟೆಯನ್ನು ಮಗುವಿನ ಜುಟ್ಟು ಹಿಡಿದಷ್ಟು ಮೆಲ್ಲಗೆ ಹಿಡಿದಿತ್ತು.

ಇನ್ನು ಕಾಯಬೇಕು. ಹಳೇ ಅಂಟಿಗೆ ಬಲ ನಡೆಯುವುದಿಲ್ಲ. ಎಣ್ಣೆ ಒಳಗೆ ಇಳಿದು ಅದು ತಾನಾಗಿಯೇ ಬಿಡಬೇಕು.

ಅವನು ಬಾಗಿಲ ಮೆಟ್ಟಿಲ ಮೇಲೆ ಕೂತ, ಅವಳು ಸ್ಟೂಲಿನ ಮೇಲೆ. ಮಳೆ ಬರುವ ಹಾಗಿದೆ ಎಂದ ಅವನು. ಗಾಳಿ ಹೊತ್ತುಕೊಂಡು ಹೋಗುತ್ತದೆ ಎಂದಳು ಅವಳು. ನಿಮಗೆ ಕಣ್ಣಿನ ಕೆಳಗೆ ಕಪ್ಪಾಗಿದೆ ಎಂದ. ಕನ್ನಡಿಯಲ್ಲಿ ನಿಮ್ಮ ಮುಖವನ್ನೂ ನೋಡಿಕೊಳ್ಳಿ ಎಂದಳು. ಅವನು ನಿಜವಾಗಿಯೂ ಕತ್ತು ಚಾಚಿ ಕಾರಿನ ಸೈಡ್ ಮಿರರ್‌ನಲ್ಲಿ ನೋಡಿಕೊಂಡ. ಅವಳಿಗೆ ನಗು ಬಂತು. ಈ ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲಿರಬೇಕು.

ಆಮೇಲೆ ಅವನು ಮಾತಿಗೆ ಮಾತು ಸೇರಿಸುತ್ತ, ಶ್ರಾವಣದ ಮೊದಲ ಭಾನುವಾರ ಬಾಡಿಗೆ ಇದೆ ಎಂದ. ಅದಕ್ಕೇ ಕಾರು ಚೊಕ್ಕವಾಗಿರಬೇಕಂತೆ. ಹುಲಿಯೂರುದುರ್ಗದಿಂದ ಒಬ್ಬ ಮೇಷ್ಟ್ರನ್ನು, ಅವರ ಅಕ್ಕ ಭಾವನನ್ನು ಕೂರಿಸಿಕೊಂಡು ತುಮಕೂರಿಗೆ ಬರಬೇಕು, ಹೆಣ್ಣು ನೋಡುವುದಕ್ಕೆ. ಮೇಷ್ಟ್ರ ಹೆಂಡತಿ ತೀರಿಕೊಂಡಿದ್ದಾರೆ, ಹೆಣ್ಣಿಗೂ ಎರಡನೇ ಸಂಬಂಧವಂತೆ. ಯಾರ ಮನೆಯೆಂದು ಅಂಜಿನಪ್ಪ ಹೇಳಿಲ್ಲ. ಹೆಣ್ಣಿನ ತಾಯಿಯೇ ಇದೇ ಕಾರಲ್ಲಿ ಕರೆದುಕೊಂಡು ಬಾ ಎಂದು ಪಟ್ಟು ಹಿಡಿದಿದ್ದಾರಂತೆ.

ಶಶಿಕಲಾ ಬಟ್ಟೆಯ ಅಂಚನ್ನು ಸರಿಮಾಡುವವಳಂತೆ ಎದ್ದಳು.

ಆ ತಾಯಿ ಹಿಂದಿನ ಬೀದಿಯ ಮನೆಯಲ್ಲಿ ಈಗ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಹೆಸರು ಸರ್ವಮಂಗಳಮ್ಮ. ಮೂರು ವಾರದಿಂದ ಮಗಳ ಬೆನ್ನು ಬಿದ್ದಿದ್ದರು. ನಾನಿರುವ ತನಕ ಸರಿ, ಆಮೇಲೆ ನಿನಗೆ ಯಾರು ಎಂದು ದಿನಾ ಒಂದೇ ರಾಗ. ಮೇಷ್ಟ್ರು ಒಳ್ಳೆಯವರು ಎಂದು ವಿಚಾರಿಸಿದವರೆಲ್ಲ ಹೇಳಿದ್ದರು. ವಾದ ಮಾಡಿ ಮಾಡಿ ಸಾಕಾಗಿ ಶಶಿಕಲಾ ಬರಲಿ ಎಂದುಬಿಟ್ಟಿದ್ದಳು. ಬಂದರೆ ಒಪ್ಪಿಕೊಳ್ಳುತ್ತಾಳೆ ಎಂಬುದೂ ಅವಳಿಗೆ ಗೊತ್ತಿತ್ತು. ಬೇಡ ಅನ್ನುವುದಕ್ಕೆ ಒಂದು ಕಾರಣ ಬೇಕು. ಕಾರಣ ಎಷ್ಟೋ ಸಲ ಈ ಮೆಟ್ಟಿಲ ಮೇಲೆ ಬಂದು ಕೂತಿದೆ, ಆದರೆ ಬಾಯಿ ಬಿಟ್ಟಿಲ್ಲ.

ಅದೇ ಕಾರಣ ಈಗ ಅವಳನ್ನು ನೋಡಲು ಗಂಡನ್ನು ಕರೆತರುತ್ತದಂತೆ. ಅದಕ್ಕಾಗಿ ಅವಳೇ ಬಾನೆಟ್ ಉಜ್ಜಿ ಹೊಳೆಸಬೇಕಂತೆ.

ಅವಳು ಬಟ್ಟೆ ಸರಿಸಿ ಉಜ್ಜತೊಡಗಿದಳು. ಅಂಚಿನ ಅಂಟು ಮೆತ್ತಗಾಗಿ ಉಂಡೆಯುಂಡೆಯಾಗಿ ಬಂತು. ನಡುವಿನದು ಇನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರು ಹೇಗೆ ಎಂದು ಕೇಳಿದಳು, ದನಿ ಆದಷ್ಟೂ ಸಾದಾ ಇರಲಿ ಎಂದು ನೋಡಿಕೊಂಡು.

"ಒಳ್ಳೇ ಮನುಷ್ಯ ಮೇಡಂ. ಒಂದ್ ಸಲ ಕುಣಿಗಲ್‌ಗೆ ಬಿಟ್ಟು ಬಂದಿದ್ದೆ, ದಾರೀಲಿ ನಂಗೂ ಟೀ ಕುಡ್ಸಿದ್ರು. ಆ ಹುಡುಗಿ ಅದೃಷ್ಟ ಮಾಡಿರ್ಬೇಕು. ಕೂಡಿ ಬರುತ್ತೆ ನೋಡ್ತಿರಿ, ನಮ್ ಕಾರಲ್ಲಿ ಹೋದ್ರೆ ಎಲ್ಲಾ ಕೂಡಿ ಬರುತ್ತೆ."

ಶಶಿಕಲಾ ಮೇಜಿನ ಮೇಲಿದ್ದ ಕಟರ್ ತೆಗೆದುಕೊಂಡಳು. ಸ್ಟಿಕ್ಕರ್ ಕತ್ತರಿಸುವ ಬ್ಲೇಡು ಅದು. ಕಾರಿನ ಪೇಂಟಿನ ಹತ್ತಿರಕ್ಕೂ ಅದನ್ನು ತರಬಾರದು ಎಂದು ಬಂದವರಿಗೆಲ್ಲ ಹೇಳುತ್ತಿದ್ದವಳು ಅವಳೇ. ನಡುವಿನ ಅಂಟಿನ ಕೆಳಗೆ ಬ್ಲೇಡು ತೂರಿಸಿ ಒಮ್ಮೆ ಎಳೆದಳು.

ಕಿರ್ ಎಂದಿತು.

ಬಾನೆಟ್ಟಿನ ಸರಿ ಮಧ್ಯದಲ್ಲಿ ಬೆರಳುದ್ದದ ಬಿಳಿ ಗೀರು ಬಿದ್ದಿತ್ತು. ಪಾಲಿಶ್ ಹಾಕಿದರೆ ಹೋಗುವ ಗೀರಲ್ಲ. ಅವಳು ಅದನ್ನು ನೋಡುತ್ತ ನಿಂತಳು. ಅನಂತರಾಜು ಎದ್ದು ಬಂದ. ಗೀರನ್ನು ನೋಡಿದ, ಆಮೇಲೆ ಕಟರನ್ನು ನೋಡಿದ. ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕೈಗೇನಾದ್ರೂ ತಾಗ್ತಾ?" ಎಂದ.

ಅಷ್ಟೇ ಸಾಕಾಯಿತು. ಶಶಿಕಲಾಳ ಕಣ್ಣು ತುಂಬಿತು. ಅಳು ಬಂದಿದ್ದಕ್ಕೆ ಅವಳಿಗೆ ಸಿಟ್ಟೂ ಬಂತು.

"ಆ ಹುಡುಗಿ ನಾನೇ," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಅದೃಷ್ಟ ಮಾಡಿರುವ ಹುಡುಗಿ, ಎರಡನೇ ಸಂಬಂಧದವಳು, ಕಾರಿಗೆ ಪಟ್ಟು ಹಿಡಿದ ತಾಯಿಯ ಮಗಳು, ಎಲ್ಲ ತಾನೇ ಎಂದು. ಅನಂತರಾಜುವಿನ ಮುಖದ ಬಣ್ಣ ಇಳಿಯಿತು. ಆಮೇಲೆ ನೆಲ ನೋಡುತ್ತ, ಮೇಷ್ಟ್ರು ನಿಜವಾಗಿಯೂ ಒಳ್ಳೆಯವರು, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದ.

"ಅನಂತರಾಜು ಅವ್ರೇ," ಎಂದಳು ಶಶಿಕಲಾ. ದನಿಯಲ್ಲಿ ಜಗಳವಿರಲಿಲ್ಲ, ಬರೀ ದಣಿವಿತ್ತು. "ನಂಗೆ ಸುಸ್ತಾಗೈತೆ. ಎಲ್ರೂ ಒಳ್ಳೇವ್ರೇ. ಒಳ್ಳೇವ್ರು ಅಂತ ಒಪ್ಕೊಂಡು ಒಂದ್ಸಲ ಹೋಗ್ಬಂದೆ. ಈಗ ನೀವು ಒಂದೇ ಒಂದ್ ಮಾತು ಹೇಳಿ. ಆಷಾಢದಲ್ಲಿ ನಿಟ್ಟೂರಲ್ಲಿ ಯಾರ ಮದ್ವೆ ಆಯ್ತು?"

ಅವನು ಕತ್ತು ತುರಿಸಿಕೊಂಡ. ಸಿಕ್ಕಿಬಿದ್ದಿದ್ದ.

ಜ್ಯೇಷ್ಠದ ಕೊನೆಯ ಮದುವೆಯ ಅಂಟು ಅದು ಎಂದು ನಿಧಾನವಾಗಿ ಒಪ್ಪಿಕೊಂಡ. ಅವತ್ತೇ ಬರಬಹುದಿತ್ತು. ಆದರೆ ಸೀಸನ್ನಿನಲ್ಲಿ ಬಂದರೆ ಇಲ್ಲಿ ಗಾಡಿಗಳು ಸಾಲು ನಿಂತಿರುತ್ತವೆ, ಅವಳಿಗೆ ತಲೆ ಎತ್ತುವುದಕ್ಕೂ ಪುರುಸೊತ್ತಿರುವುದಿಲ್ಲ. ಅಂಟು ಹಾಗೇ ಇರಲಿ, ಆಷಾಢದಲ್ಲಿ ಹೋದರೆ ಒಂದು ಮಧ್ಯಾಹ್ನವಾದರೂ ಕೂರಬಹುದು ಎಂದುಕೊಂಡ. ಹಳೇದಾದರೆ ಬಿಡಿಸುವುದಕ್ಕೆ ಹೊತ್ತಾಗುತ್ತದೆ ಎಂದು ಅವಳೇ ಹಿಂದೆ ಹೇಳಿದ್ದಳಲ್ಲ. ಅದಕ್ಕೇ ಕಾರನ್ನು ದಿನಾ ಬಿಸಿಲಲ್ಲೇ ನಿಲ್ಲಿಸುತ್ತಿದ್ದನಂತೆ.

ಬೇರೆ ಯಾರಾದರೂ ಕಾರಿಗೆ ಇಂಥ ಗತಿ ಮಾಡಿದ್ದರೆ ಶಶಿಕಲಾ ಉಗಿಯುತ್ತಿದ್ದಳು. ಈಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇಷ್ಟೆಲ್ಲ ಮಾಡುವ ಬದಲು ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಎಂದಳು.

"ಕೇಳಿದ ಕಡೆಯೆಲ್ಲಾ ಬ್ಯಾಡ ಅಂದವ್ರೆ," ಎಂದ ಅವನು. "ಅದು ಅಭ್ಯಾಸ ಆಗೋಗೈತೆ, ನೋವಿಲ್ಲ. ಆದ್ರೆ ನೀವೂ ಬ್ಯಾಡ ಅಂದ್ಬುಟ್ರೆ ನಾನು ಈ ಕಾರ್ ಎಲ್ಲಿಗ್ ತಗೊಂಡು ಹೋಗ್ಲಿ? ಬಂದು ಕೂರೋಕೆ ಅಂತ ನಂಗಿರೋದು ಇದೊಂದೇ ಜಾಗ."

ಅವನ ಕಣ್ಣು ಮೊದಲ ಸಲ ಅವಳ ಕಣ್ಣನ್ನು ಬಿಡದೆ ನಿಂತಿತು. ಕೆಂಪಾದ, ನಿದ್ದೆಗೆಟ್ಟ ಕಣ್ಣು. ಅದರಲ್ಲಿ ಬೇಡಿಕೊಳ್ಳುವ ಭಾವ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಂದಿಟ್ಟ ನಿರಾಳ ಇತ್ತು.

"ಊರೆಲ್ಲಾ ನನ್ನ ರಾಜಣ್ಣ ಅಂತದೆ," ಎಂದ ಮತ್ತೆ, ಮೆಲ್ಲಗೆ. "ನಿಮ್ಗಿಂತ ದೊಡ್ಡೋರೂ ಅಣ್ಣ ಅಂತಾರೆ. ನೀವೊಬ್ರೇ ಇಷ್ಟು ವರ್ಷ ಅಣ್ಣ ಅನ್ನಲಿಲ್ಲ. ಅದೊಂದನ್ನೇ ಹಿಡ್ಕೊಂಡು ಬರ್ತಿದ್ದೆ."

ಶಶಿಕಲಾಳ ಕಿವಿ ಬೆಚ್ಚಗಾಯಿತು. ಅದನ್ನು ಅವನು ಗಮನಿಸಿರಲಾರ ಎಂದುಕೊಂಡಿದ್ದಳು. ಆ ಒಂದು ಪದವನ್ನು ಬಾಯಿಗೆ ಬಾರದಂತೆ ಕಾಯ್ದುಕೊಳ್ಳಲು ಅವಳೂ ಪಾಡು ಪಟ್ಟಿದ್ದಳು.

"ಇನ್ಮುಂದೆನೂ ಅನ್ನಲ್ಲ," ಎಂದಳು.

ಅವನು ನಗಲಿಲ್ಲ. ಉಸಿರು ಬಿಟ್ಟ, ಭಾರ ಇಳಿಸಿದವರು ಬಿಡುವ ಹಾಗೆ. ಆಮೇಲೆ ಎಣ್ಣೆಯ ಬಟ್ಟೆಯನ್ನು ಕೈಗೆತ್ತಿಕೊಂಡು ಒಂದು ತುದಿಯನ್ನು ಅವಳ ಕಡೆಗೆ ಚಾಚಿದ. ಉಳಿದ ಅಂಟನ್ನು ಇಬ್ಬರೂ ಕೂತು ಬಿಡಿಸಿದರು. ಬ್ಲೇಡಿಲ್ಲದೆ, ಬೆರಳಿನಿಂದ, ಹೊತ್ತು ಮುಳುಗುವ ತನಕ. ಶಾಂಪೂ ಹಾಕಿ ಎಣ್ಣೆ ತೊಳೆದ ಮೇಲೆ ಬಾನೆಟ್ ಹೊಳೆಯಿತು. ಗೀರು ಮಾತ್ರ ಹಾಗೇ ಉಳಿಯಿತು. ಪೇಂಟ್ ಟಚಪ್ ಮಾಡಿಸಿ ಎಂದು ಅವಳು ಹೇಳಿದರೆ ಅವನು ಒಪ್ಪಲಿಲ್ಲ. ಹೊರಡುವಾಗ, ಅದೇ ಭಾನುವಾರ ತಾಯಿಯನ್ನು ಕರೆದುಕೊಂಡು ಮನೆಗೆ ಬರುತ್ತೇನೆ ಎಂದ.

ಮರುದಿನ ಶಶಿಕಲಾ ತಾನೇ ಅಂಜಿನಪ್ಪನಿಗೆ ಫೋನ್ ಮಾಡಿ ಮೇಷ್ಟ್ರನ್ನು ಕರೆತರಬೇಡಿ ಎಂದಳು. ಒಳ್ಳೆಯ ಮನುಷ್ಯರನ್ನು ಅಷ್ಟು ದೂರದಿಂದ ಕರೆಸಿ ಉಪ್ಪಿಟ್ಟು ತಿನ್ನಿಸಿ ಕಳಿಸುವುದು ಮರ್ಯಾದೆಯಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅಂಜಿನಪ್ಪ ಗೊಣಗಿದ. ತಾಯಿಗೆ ಮಾತ್ರ ಅವಳು ಅರ್ಧ ಹೇಳಿದಳು: ಅವರು ಬರುವುದಿಲ್ಲ, ಅದೇ ಭಾನುವಾರ ಬೇರೆ ಗಂಡು ಬರುತ್ತದೆ, ನಿಟ್ಟೂರಿನ ಕಡೆಯದು. ಉಳಿದರ್ಧ ಹೇಳುವುದಕ್ಕೆ ಧೈರ್ಯ ಸಾಲಲಿಲ್ಲ. ಅಮ್ಮ ಏನನ್ನುತ್ತಾರೋ ಎಂಬ ಭಯ ಇದ್ದೇ ಇತ್ತು. ನೌಕರಿ ಇಲ್ಲದವನು ಎಂದು ಊರೆಲ್ಲ ಬಿಟ್ಟ ಗಂಡು ಅದು. ಸರ್ವಮಂಗಳಮ್ಮ ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಾರಲ್ಲಿ ಬರುತ್ತಾರೆ? ಅದೇ ಮರೂನ್ ಕಾರಲ್ಲಿ ಎಂದಾಗ ಅವರಿಗೆ ಸಮಾಧಾನವಾಯಿತು.

ಶ್ರಾವಣದ ಆ ಭಾನುವಾರ ಕಾರು ಹೊತ್ತಿಗೆ ಸರಿಯಾಗಿ ಬಂತು. ಹಿಂದಿನ ಸೀಟಿನಿಂದ ಅನಂತರಾಜುವಿನ ತಾಯಿ ದೊಡ್ಡಗಂಗಮ್ಮ ಇಳಿದರು, ಜೊತೆಗೆ ಸಂಬಂಧದ ಒಬ್ಬ ಹೆಂಗಸು. ಸರ್ವಮಂಗಳಮ್ಮ ಇಬ್ಬರನ್ನೂ ಒಳಗೆ ಕೂರಿಸಿ, ನೀರು ಕೊಟ್ಟು, ಮಳೆ ಬೆಳೆ ವಿಚಾರಿಸಿದರು. ಶಶಿಕಲಾ ಒಳಗಿನ ಬಾಗಿಲಲ್ಲಿ ನಿಂತು ಕಾದಳು. ಅವನು ಬರಲಿಲ್ಲ. ಇಷ್ಟು ದೂರ ಬಂದು ಮತ್ತೆ ಹೆದರಿದನೆ ಎಂದು ಅವಳಿಗೆ ಅನ್ನಿಸಿತು. ಕಿಟಕಿಯಿಂದ ಇಣುಕಿ ನೋಡಿದಳು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಅವನು ಸ್ಟೇರಿಂಗ್ ಮುಂದೆಯೇ ಕೂತಿದ್ದ. ಹೆಣ್ಣು ನೋಡುವ ಮನೆಗೆ ಅವನು ಜನರನ್ನು ಬಿಟ್ಟದ್ದಕ್ಕೆ ಲೆಕ್ಕವಿಲ್ಲ, ಪ್ರತಿಸಲವೂ ಅವರು ಒಳಗೆ ಹೋಗುತ್ತಾರೆ, ಅವನು ಹೊರಗೆ ಕೂರುತ್ತಾನೆ. ಕಾಲು ಇವತ್ತೂ ಅದನ್ನೇ ಮಾಡಿತ್ತು.

ಸರ್ವಮಂಗಳಮ್ಮ ತಟ್ಟೆಗಳಿಗೆ ಉಪ್ಪಿಟ್ಟು, ಕೇಸರಿಬಾತು ಹಾಕಿದರು. ಗಂಡು ಹಿಂದೆ ಬೇರೆ ಗಾಡಿಯಲ್ಲಿ ಬರುತ್ತಿದೆಯೇನೋ ಎಂದುಕೊಂಡು ಮಗಳನ್ನು ಕರೆದು, "ಪಾಪ, ಡ್ರೈವರ್‌ಗೂ ಒಂದ್ ತಟ್ಟೆ ಹೊರಗಡೆ ಕೊಡಿಸವ್ವ. ಎಷ್ಟೊತ್ತು ಅಂತ ಕೂತಿರ್ತಾನೆ," ಎಂದರು. ಆಮೇಲೆ ದೊಡ್ಡಗಂಗಮ್ಮನ ಕಡೆ ತಿರುಗಿ, ಗಂಡು ಬರುವುದು ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು.

ದೊಡ್ಡಗಂಗಮ್ಮ ಕಿಟಕಿಯತ್ತ ನೋಡಿ ಹಣೆ ಚಚ್ಚಿಕೊಂಡರು.

"ಸ್ಟೇರಿಂಗ್ ಹಿಡ್ಕೊಂಡು ಕುಂತವ್ನಲ್ಲ, ಅವ್ನೇ ಕಣವ್ವಾ ನಮ್ ಗಂಡು," ಎಂದರು.

ಸರ್ವಮಂಗಳಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಅವರು ಮಗಳ ಮುಖ ನೋಡಿದರು, ಬಹಳ ಹೊತ್ತು ನೋಡಿದರು. ಅಲ್ಲಿ ಏನು ಕಂಡಿತೋ, ಕೈಯಲ್ಲಿದ್ದ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಹಾಕಿ, ಅದನ್ನು ತಂದು ಒಳಗಿನ ಚಾಪೆಯ ಮುಂದೆ ಇಟ್ಟರು.

ಶಶಿಕಲಾ ಹೊರಗೆ ಬಂದಳು. ಬೀದಿಯವರು ನೋಡುತ್ತಿದ್ದರು, ನೋಡಲಿ ಎಂದುಕೊಂಡಳು. ಅವಳು ಬರುವುದನ್ನು ಕಂಡು ಅನಂತರಾಜು ಗಾಜಿಳಿಸಿದ, ರೂಢಿಯಂತೆ ತಟ್ಟೆಗೆಂದು ಕೈ ಹೊರಗೆ ಚಾಚಿದ. ಅವಳ ಕೈ ಖಾಲಿಯಿತ್ತು. ಚಾಚಿದ ಕೈಯನ್ನು ಅವಳು ಹಿಡಿದುಕೊಂಡಳು.

"ಇಳಿದು ಒಳಗೆ ಬನ್ನಿ," ಎಂದಳು. "ನಾನು ಗಂಡು ನೋಡ್ಬೇಕು."